ಬಾಯಿ ಬಿಡದ ಬಂಗಲೆ: ಬ್ಲೆಚ್ಲಿ ಪಾರ್ಕಿನ ಯುದ್ಧಕಾಲದ ಕಥೆ

ನಾನು ಚಿಕ್ಕವನಿದ್ದಾಗ ಪೆರ್ಲದ ನಮ್ಮ ನೆರೆಮನೆಯಲ್ಲಿ ಒಬ್ಬ ಅಜ್ಜನಿದ್ದರು. ಊರವರು ಅವರನ್ನು ಪಟ್ಟಾಳದಜ್ಜ ಎಂದು ಕರೆಯುತ್ತಿದ್ದರು. ದ್ವಿತೀಯ ಮಹಾಯುದ್ಧದ ಕಾಲದಲ್ಲಿ ಮನೆಯಲ್ಲಿ ಜಗಳ ಮಾಡಿಕೊಂಡು ಸೈನ್ಯಕ್ಕೆ ಸೇರಿದವರಂತೆ. ಜಬಲ್ಪುರದಲ್ಲಿ ನಿಸ್ತಂತು ಸಂದೇಶದ ತರಬೇತಿ ಪಡೆದು, ಕೆಲವು ಕಾಲ ಬೆಂಗಳೂರಿನಲ್ಲಿದ್ದು, ಯುದ್ಧ ಮುಗಿದ ಮೇಲೆ ಊರಿಗೆ ಬಂದು ಅಡಿಕೆ ತೋಟ ನೋಡಿಕೊಂಡಿದ್ದರು. ಯುದ್ಧದಲ್ಲಿ ನೀವು ಏನು ಮಾಡಿದಿರಿ ಎಂದು ಕೇಳಿದರೆ, "ಏನಿಲ್ಲ ಮಾರಾಯ, ಕಿವಿಗೆ ಯಂತ್ರ ಸಿಕ್ಕಿಸಿ ಟಕ್ ಟಕ್ ಕೇಳಿದ್ದು, ಕೇಳಿದ್ದನ್ನು ಬರೆದದ್ದು" ಎಂದು ಮಾತು ಮುಗಿಸುತ್ತಿದ್ದರು. ಯಾರ ಟಕ್ ಟಕ್, ಬರೆದ ಕಾಗದ ಎಲ್ಲಿಗೆ ಹೋಯಿತು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಸಂಜೆ ಜಗಲಿಯಲ್ಲಿ ಕುಳಿತಾಗ ಅವರ ಬಲಗೈ ಬೆರಳು ಮಾತ್ರ ಕಂಬದ ಮೇಲೆ ತಾನಾಗಿಯೇ ಏನೋ ತಾಳ ಹಾಕುತ್ತಿತ್ತು. ಬಂದೂಕು ಹಿಡಿಯದ ಸೈನಿಕ ಎಂದು ನಾವು ಮಕ್ಕಳು ಹಿಂದಿನಿಂದ ನಗುತ್ತಿದ್ದೆವು.

ಆ ನಗುವಿಗೆ ಈಗ ನಾಚಿಕೆಯೆನಿಸುತ್ತದೆ. ಕೇಳಿದ್ದನ್ನು ಬರೆಯುವ ಕೆಲಸಕ್ಕೆ ಆ ಯುದ್ಧದಲ್ಲಿ ಎಂಥ ಬೆಲೆ ಇತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಇಂಗ್ಲೆಂಡಿನ ಒಂದು ಹಳೆಯ ಬಂಗಲೆಯ ಚರಿತ್ರೆಯನ್ನು ಓದುವಾಗ ಅದು ತಿಳಿಯಿತು. ಬಂಗಲೆಯ ಹೆಸರು ಬ್ಲೆಚ್ಲಿ ಪಾರ್ಕ್.

ಶ್ರೀಮಂತರ ಹಳ್ಳಿಮನೆ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಜಮೀನುದಾರರೂ ಶ್ರೀಮಂತ ವ್ಯಾಪಾರಿಗಳೂ ಕಟ್ಟಿಸಿಕೊಂಡ ದೊಡ್ಡ ಮನೆಗಳು ನೂರಾರು ಇವೆ. ನಮ್ಮ ಕಡೆಯ ಗುತ್ತಿನ ಮನೆಗಳನ್ನೂ ಬೀಡುಗಳನ್ನೂ ನೆನೆಸಿಕೊಂಡರೆ ಅವುಗಳ ಸ್ವರೂಪ ಅಂದಾಜಾದೀತು. ಸುತ್ತ ಹತ್ತಾರು ಎಕರೆ ಹುಲ್ಲುಗಾವಲು, ಕೆರೆ, ಕುದುರೆಲಾಯ, ತೋಟದ ಆಳುಗಳ ಮನೆ, ನಡುವೆ ಯಜಮಾನರ ಬಂಗಲೆ. ಬ್ಲೆಚ್ಲಿ ಪಾರ್ಕ್ ಅಂಥದೊಂದು. ಲಂಡನ್ನಿನಿಂದ ವಾಯವ್ಯಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಬಕಿಂಗ್‌ಹ್ಯಾಮ್‌ಶೈರ್ ಪ್ರಾಂತದಲ್ಲಿದೆ.

ಹರ್ಬರ್ಟ್ ಲಿಯನ್ ಎಂಬ ಷೇರು ವ್ಯಾಪಾರಿ 1883ರಲ್ಲಿ ಈ ಆಸ್ತಿಯನ್ನು ಕೊಂಡರು. ಮುಂದೆ ಅವರು ಪಾರ್ಲಿಮೆಂಟಿನ ಸದಸ್ಯರೂ ಆದರು, ಸರ್ ಪದವಿಯನ್ನೂ ಪಡೆದರು. ಇದ್ದ ಮನೆಗೆ ಒಂದೊಂದು ಕಾಲದಲ್ಲಿ ಒಂದೊಂದು ಬಗೆಯ ಕೋಣೆ, ಗೋಪುರ, ಗುಮ್ಮಟ ಸೇರಿಸುತ್ತ ಹೋದರು. ಹೀಗಾಗಿ ಮನೆ ಒಂದೇ ಶೈಲಿಯದಾಗದೆ ಹಲವು ಶೈಲಿಗಳ ಕಲಸುಮೇಲೋಗರವಾಯಿತು. ವಾಸ್ತುಶಿಲ್ಪ ಬಲ್ಲವರು ಇಂದಿಗೂ ಅದನ್ನು ಕಂಡು ಮುಖ ಸಿಂಡರಿಸುವುದುಂಟು. 1926ರಲ್ಲಿ ಯಜಮಾನರೂ 1937ರಲ್ಲಿ ಅವರ ಪತ್ನಿಯೂ ತೀರಿಕೊಂಡರು. ಆಸ್ತಿ ಮಾರಾಟಕ್ಕೆ ಬಂತು. ಮನೆಯನ್ನು ಕೆಡವಿ ಸಾಲುಮನೆ ಕಟ್ಟುವ ಉದ್ದೇಶದಿಂದ ಕಟ್ಟಡ ಗುತ್ತಿಗೆದಾರರೊಬ್ಬರು ಮುಂದೆ ಬಂದರು. ಅಷ್ಟಾಗಿದ್ದರೆ ಬ್ಲೆಚ್ಲಿ ಪಾರ್ಕಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

1938ರಲ್ಲಿ ಬ್ರಿಟನ್ನಿನ ರಹಸ್ಯ ಬೇಹುಗಾರಿಕೆ ಇಲಾಖೆಯ ಮುಖ್ಯಸ್ಥ ಅಡ್ಮಿರಲ್ ಸರ್ ಹ್ಯೂ ಸಿಂಕ್ಲೇರ್ ಈ ಬಂಗಲೆಯನ್ನೂ 58 ಎಕರೆ ಜಾಗವನ್ನೂ 6,000 ಪೌಂಡಿಗೆ ಕೊಂಡರು. ಹಿಟ್ಲರನ ವಿಮಾನಗಳು ಲಂಡನ್ನಿನ ಮೇಲೆ ಬಾಂಬು ಹಾಕುವ ದಿನ ದೂರವಿಲ್ಲವೆಂದು ಅವರು ಊಹಿಸಿದ್ದರು. ಊರು ಸಣ್ಣದು, ವೈರಿಯ ಕಣ್ಣಿಗೆ ಬೀಳುವಂಥದಲ್ಲ. ಆದರೆ ರೈಲ್ವೇ ಜಂಕ್ಷನ್ ಹತ್ತಿರದಲ್ಲೇ ಇತ್ತು. ಲಂಡನ್ನಿಗೊಂದು ದಾರಿ, ಆಕ್ಸ್‌ಫರ್ಡಿಗೊಂದು, ಕೇಂಬ್ರಿಜ್ಜಿಗೊಂದು. ಎರಡು ವಿಶ್ವವಿದ್ಯಾಲಯಗಳ ವಿದ್ವಾಂಸರನ್ನು ಒಂದೆಡೆ ತಂದು ಸೇರಿಸಲು ಇದಕ್ಕಿಂತ ಅನುಕೂಲದ ಸ್ಥಳ ಸಿಗುವಂತಿರಲಿಲ್ಲ.

1938ರ ಶರತ್ಕಾಲದಲ್ಲಿ ಮೊದಲ ತಂಡ ಬಂದು ಇಳಿಯಿತು. ಸುತ್ತಲಿನ ಜನ ಕೇಳಿದರೆ, ಕ್ಯಾಪ್ಟನ್ ರಿಡ್ಲಿಯ ಬೇಟೆಗಾರ ಮಿತ್ರರು ಎಂದು ಹೇಳುವುದೆಂದು ಗೊತ್ತುಮಾಡಿದ್ದರು. ಲಂಡನ್ನಿನ ಸವಾಯ್ ಹೋಟೆಲಿನ ಅಡುಗೆಯವರೂ ಜತೆಗಿದ್ದರು. ಅದು ತಾಲೀಮು ಮಾತ್ರ. ನಿಜವಾಗಿ ಬಿಡಾರ ಹೂಡಿದ್ದು 1939ರ ಆಗಸ್ಟಿನಲ್ಲಿ. ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಸಾರಿತು.

ಅಲ್ಲಿಗೆ ಬಂದ ಸಂಸ್ಥೆಯ ಹೆಸರು ಅಧಿಕೃತವಾಗಿ ಸರಕಾರಿ ಸಂಕೇತ ಮತ್ತು ಗೂಢಲಿಪಿ ಶಾಲೆ ಎಂದಿತ್ತು. ಹೆಸರಿಗೆ ಶಾಲೆ, ಕೆಲಸ ಮಾತ್ರ ವೈರಿಗಳ ಗುಟ್ಟಿನ ಸಂದೇಶಗಳನ್ನು ಕದ್ದು ಕೇಳಿ ಬಿಡಿಸಿ ಓದುವುದು.

ಎನಿಗ್ಮಾ ಎಂಬ ಒಗಟು

ಗೂಢಲಿಪಿ ಎಂದರೇನೆಂದು ತರಗತಿಯಲ್ಲಿ ಮಕ್ಕಳಿಗೆ ತಿಳಿಸುವುದು ಸುಲಭ. ವರ್ಣಮಾಲೆಯಲ್ಲಿ ಪ್ರತಿಯೊಂದು ಅಕ್ಷರದ ಬದಲು ಅದರ ಮುಂದಿನ ಅಕ್ಷರ ಬರೆಯಿರಿ ಎಂದರೆ "ಕಮಲ" ಎಂಬುದು "ಖಯವ" ಆಗುತ್ತದೆ. ನಿಯಮ ಒಂದೇ ಆದ ಕಾರಣ ಬುದ್ಧಿವಂತ ಹುಡುಗಿಯೊಬ್ಬಳು ಐದು ನಿಮಿಷದಲ್ಲಿ ಅದನ್ನು ಬಿಡಿಸಿಯಾಳು. ಜರ್ಮನರ ಯಂತ್ರ ಹಾಗಿರಲಿಲ್ಲ. ಒಂದೊಂದು ಅಕ್ಷರ ಒತ್ತಿದಾಗಲೂ ಅದರ ನಿಯಮವೇ ಬದಲಾಗುತ್ತಿತ್ತು. ಒಂದೇ ಅಕ್ಷರವನ್ನು ಮೂರು ಸಲ ಒತ್ತಿದರೆ ಮೂರು ಬೇರೆ ಬೇರೆ ಅಕ್ಷರಗಳು ಬಂದಾವು.

ಆ ಯಂತ್ರದ ಹೆಸರು ಎನಿಗ್ಮಾ, ಎಂದರೆ ಒಗಟು. ನೋಡಲು ಮರದ ಪೆಟ್ಟಿಗೆಯಲ್ಲಿಟ್ಟ ಟೈಪ್‌ರೈಟರಿನಂತಿತ್ತು. ಒಳಗೆ ತಿರುಗುವ ಮೂರು ಗಾಲಿಗಳು, ಮುಂಭಾಗದಲ್ಲಿ ತಂತಿ ಸಿಕ್ಕಿಸುವ ಫಲಕ. ಗಾಲಿಗಳನ್ನು ಯಾವ ಕ್ರಮದಲ್ಲಿಡಬೇಕು, ಯಾವ ಅಕ್ಷರದಿಂದ ಪ್ರಾರಂಭಿಸಬೇಕು, ತಂತಿಗಳನ್ನು ಹೇಗೆ ಜೋಡಿಸಬೇಕು ಎಂಬುದು ದಿನದಿನವೂ ಬದಲಾಗುತ್ತಿತ್ತು. ಸೈನ್ಯದ ಯಂತ್ರವನ್ನು ಹೊಂದಿಸಬಹುದಾದ ರೀತಿಗಳ ಲೆಕ್ಕ ಹಾಕಿದರೆ 159 ಎಂದು ಬರೆದು ಅದರ ಮುಂದೆ 18 ಸೊನ್ನೆ ಹಾಕಬೇಕಾಗುತ್ತದೆ. ಒಂದೊಂದನ್ನೇ ಪರೀಕ್ಷಿಸುತ್ತ ಹೋದರೆ ಮನುಷ್ಯಕುಲದ ಆಯುಸ್ಸು ಸಾಲದು. ಆದುದರಿಂದಲೇ ಜರ್ಮನರು ನಿಶ್ಚಿಂತೆಯಿಂದಿದ್ದರು.

ಈ ಒಗಟನ್ನು ಮೊದಲು ಭೇದಿಸಿದವರು ಆಂಗ್ಲರಲ್ಲ, ಪೋಲೆಂಡಿನವರು. ಮರಿಯನ್ ರೆಯೆವ್‌ಸ್ಕಿ ಎಂಬ ತರುಣ ಗಣಿತಜ್ಞ 1932ರಲ್ಲೇ ಯಂತ್ರದ ಒಳಜೋಡಣೆಯನ್ನು ಕಂಡುಹಿಡಿದಿದ್ದ. ಅವನೂ ಅವನ ಇಬ್ಬರು ಜತೆಗಾರರೂ ಹಲವು ವರ್ಷ ಜರ್ಮನ್ ಸಂದೇಶಗಳನ್ನು ಓದುತ್ತಿದ್ದರು. ತಮ್ಮ ದೇಶದ ಮೇಲೆ ದಾಳಿ ಖಚಿತವೆಂದು ಕಂಡಾಗ, 1939ರ ಜುಲೈ ಕೊನೆಯಲ್ಲಿ, ವಾರ್ಸಾ ನಗರದ ಹತ್ತಿರದ ಒಂದು ಕಾಡಿನಲ್ಲಿ ಪೋಲರು ಬ್ರಿಟಿಷರನ್ನೂ ಫ್ರೆಂಚರನ್ನೂ ಕರೆಸಿ, ತಮಗೆ ತಿಳಿದುದನ್ನೆಲ್ಲ ತಿಳಿಸಿದರು. ತಾವೇ ತಯಾರಿಸಿದ ಎನಿಗ್ಮಾದ ಪ್ರತಿಕೃತಿಗಳನ್ನೂ ಕೊಟ್ಟರು. ಆರು ವಾರ ಕಳೆಯುವುದರೊಳಗೆ ಜರ್ಮನಿ ಪೋಲೆಂಡಿನ ಮೇಲೆ ಎರಗಿತು. ಬ್ಲೆಚ್ಲಿ ಪಾರ್ಕಿನ ಕೀರ್ತಿಯನ್ನು ಹೇಳುವವರು ಮೊದಲು ಈ ಋಣವನ್ನು ಹೇಳಬೇಕು.

ಬೀಗ ತೆರೆದದ್ದು ಹೇಗೆ?

ಎನಿಗ್ಮಾದಲ್ಲಿ ಒಂದು ದೋಷವಿತ್ತು. ಯಾವ ಅಕ್ಷರವನ್ನು ಒತ್ತಿದರೂ ಆ ಅಕ್ಷರ ಮಾತ್ರ ಬರುವಂತಿರಲಿಲ್ಲ. ಉಳಿದ 25ರಲ್ಲಿ ಒಂದು ಬರಲೇಬೇಕು. ಇಷ್ಟರಿಂದ ಏನಾದೀತು ಎಂದು ನಮಗೆ ತೋರಬಹುದು. ಆದರೆ ಬ್ಲೆಚ್ಲಿಯವರಿಗೆ ಅಷ್ಟೇ ಸಾಕಾಯಿತು.

ಮೇವಿಸ್ ಲಿವರ್ ಎಂಬ 19 ವರ್ಷದ ಹುಡುಗಿ ಜರ್ಮನ್ ಸಾಹಿತ್ಯದ ಓದನ್ನು ಅರ್ಧಕ್ಕೆ ಬಿಟ್ಟು ಅಲ್ಲಿಗೆ ಬಂದಿದ್ದಳು. ಇಟಲಿಯ ನೌಕಾಪಡೆಯ ಸಂದೇಶಗಳು ಅವಳ ವಿಭಾಗದ ಪಾಲಿಗೆ ಬಂದಿದ್ದವು. ಒಂದು ದಿನ ಉದ್ದದ ಸಂದೇಶವೊಂದನ್ನು ನೋಡುತ್ತಿದ್ದಾಗ ಅದರಲ್ಲಿ ಎಲ್ ಎಂಬ ಅಕ್ಷರ ಒಂದೇ ಒಂದು ಸಲವೂ ಬಾರದಿರುವುದು ಅವಳ ಕಣ್ಣಿಗೆ ಬಿತ್ತು. ಇದು ಹೇಗೆ ಸಾಧ್ಯ? ವೈರಿಯನ್ನು ತಪ್ಪುದಾರಿಗೆ ಎಳೆಯಲು ಬರಿದೇ ಒಂದು ಸಂದೇಶ ಕಳುಹಿಸೆಂದು ಯಾರೋ ಸಿಪಾಯಿಗೆ ಅಪ್ಪಣೆಯಾಗಿರಬೇಕು; ಅವನು ಸೋಮಾರಿತನದಿಂದ ಎಲ್ ಅಕ್ಷರವನ್ನೇ ಕೊನೆಯವರೆಗೂ ಒತ್ತುತ್ತ ಕುಳಿತಿರಬೇಕು ಎಂದು ಅವಳು ಊಹಿಸಿದಳು. ಊಹೆ ನಿಜವಾಗಿತ್ತು. ಆ ಒಂದು ಸಂದೇಶದಿಂದ ಹೊಸ ಗಾಲಿಯ ಒಳಜೋಡಣೆ ತಿಳಿದುಬಂತು. 1941ರ ಮಾರ್ಚಿನಲ್ಲಿ ಗ್ರೀಸಿನ ದಕ್ಷಿಣಕ್ಕೆ ಮ್ಯಾಟಪಾನ್ ಭೂಶಿರದ ಬಳಿ ಇಟಲಿಯ ಮೂರು ಕ್ರೂಸರ್ ಹಡಗುಗಳು ಮುಳುಗಿದ ಯುದ್ಧಕ್ಕೆ ಇದೇ ವಿಭಾಗ ಓದಿ ತಿಳಿಸಿದ ಸಂದೇಶಗಳು ಕಾರಣವಾದವು.

ಇನ್ನೊಂದು ಉಪಾಯವೆಂದರೆ ಸಂದೇಶದಲ್ಲಿರುವ ಯಾವುದಾದರೂ ಮಾತನ್ನು ಮೊದಲೇ ಊಹಿಸುವುದು. ನಮ್ಮ ಶಾಲೆಗಳಿಂದ ಮೇಲಧಿಕಾರಿಗಳಿಗೆ ಹೋಗುವ ಕಾಗದವನ್ನು ಯಾರಾದರೂ ಗೂಢಲಿಪಿಯಲ್ಲಿ ಬರೆದರೆ, ಮೊದಲನೆಯ ಮಾತು "ಮಾನ್ಯರೇ" ಎಂದೇ ಇರುತ್ತದೆಂದು ಕಣ್ಣು ಮುಚ್ಚಿ ಹೇಳಬಹುದಲ್ಲವೆ? ಜರ್ಮನರೂ ಹಾಗೆಯೇ. ದಿನಾಲೂ ಅದೇ ಹೊತ್ತಿಗೆ ಹವಾಮಾನದ ವರದಿ, ಅದೇ ಪದ, ಅದೇ ಕ್ರಮ. ಊಹಿಸಿದ ಪದವನ್ನು ಗೂಢ ಸಂದೇಶದ ಕೆಳಗಿಟ್ಟು ಸರಿಸುತ್ತ ಹೋಗುವುದು; ಎಲ್ಲಿಯಾದರೂ ಮೇಲೂ ಕೆಳಗೂ ಒಂದೇ ಅಕ್ಷರ ಬಂದರೆ ಅದು ತಪ್ಪು ಜಾಗವೆಂದು ಬಿಡುವುದು. ಸರಿಯಾದ ಜಾಗ ಸಿಕ್ಕಿದ ಮೇಲೆ ಉಳಿದ ಲೆಕ್ಕ ಯಂತ್ರಕ್ಕೆ.

ಆ ಯಂತ್ರವನ್ನು ಯೋಜಿಸಿದವನು ಅಲನ್ ಟ್ಯೂರಿಂಗ್, ಕೇಂಬ್ರಿಜ್ಜಿನ ಗಣಿತಜ್ಞ. ಇವನ ತಂದೆ ಮದ್ರಾಸ್ ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿ. ತಾಯಿಯ ತಂದೆ ಮದ್ರಾಸ್ ರೈಲ್ವೇಯ ಮುಖ್ಯ ಇಂಜಿನಿಯರ್. ತಾಯಿ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ನಮ್ಮ ಕಾಸರಗೋಡು ಕೂಡ ಅಂದು ಅದೇ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಟ್ಯೂರಿಂಗನ ಮೊದಲ ಯಂತ್ರ 1940ರ ಮಾರ್ಚಿನಲ್ಲಿ ಬಂತು. ಗೋರ್ಡನ್ ವೆಲ್ಷ್‌ಮನ್ ಎಂಬ ಇನ್ನೊಬ್ಬ ಗಣಿತಜ್ಞ ಅದಕ್ಕೆ ಸುಧಾರಣೆ ಸೂಚಿಸಿದ ಮೇಲೆ ಅದರ ವೇಗ ಬಹಳ ಹೆಚ್ಚಿತು. ಬಾಂಬ್ ಎಂಬ ಹೆಸರಿನ ಈ ಯಂತ್ರ ಆಳೆತ್ತರದ ಕಪಾಟಿನಂತೆ, ಒಂದು ಟನ್ ತೂಕದ್ದು. ಯುದ್ಧ ಮುಗಿಯುವಾಗ ಇಂಥವು 200ಕ್ಕೂ ಹೆಚ್ಚು ಇದ್ದವು. ಹಗಲಿರುಳು ಅವುಗಳ ಗಾಲಿ ಜೋಡಿಸಿ, ನಿಂತಲ್ಲೇ ನಿಂತು ನಡೆಸಿದವರು ನೌಕಾಪಡೆಯ ಮಹಿಳಾ ವಿಭಾಗದ ಹುಡುಗಿಯರು.

ಮರದ ಗುಡಿಸಲುಗಳಲ್ಲಿ ಮಹಾಯುದ್ಧ

ಬಂಗಲೆ ಬಹುಬೇಗ ಸಾಲದಾಯಿತು. ಸುತ್ತಲಿನ ಹುಲ್ಲುಗಾವಲಿನಲ್ಲಿ ಮರದ ಹಲಗೆಯ ಗುಡಿಸಲುಗಳು ಎದ್ದವು. ಚಳಿಗಾಲದಲ್ಲಿ ಕೊರೆಯುವ ಚಳಿ, ಒಲೆಯ ಹೊಗೆ, ಬೆಳಕು ಹೊರಹೋಗದಂತೆ ಕಪ್ಪು ಪರದೆ. ಆರನೆಯ ಗುಡಿಸಲಿನವರು ಭೂಸೇನೆ ಮತ್ತು ವಾಯುಪಡೆಯ ಸಂದೇಶಗಳನ್ನು ಬಿಡಿಸಿ ಮೂರನೆಯದಕ್ಕೆ ಕೊಡುವುದು. ಅಲ್ಲಿ ಜರ್ಮನ್ ಬಲ್ಲವರು ಅದನ್ನು ಇಂಗ್ಲಿಷಿಗೆ ತಂದು, ಅರ್ಥ ವಿಚಾರಿಸಿ, ಸೇನಾಪತಿಗಳಿಗೆ ಕಳುಹಿಸುವುದು. ಎಂಟು ಮತ್ತು ನಾಲ್ಕನೆಯ ಗುಡಿಸಲುಗಳಿಗೆ ನೌಕಾಪಡೆಯ ಸಂದೇಶಗಳು. ಒಂದು ಗುಡಿಸಲಿನವರಿಗೆ ಇನ್ನೊಂದರ ಕೆಲಸ ಏನೆಂದು ಗೊತ್ತಿರಲಿಲ್ಲ, ಕೇಳುವಂತೆಯೂ ಇರಲಿಲ್ಲ.

ಇಲ್ಲಿಗೆ ಬಂದವರು ಎಂಥವರು? ಗಣಿತಜ್ಞರು, ಚದುರಂಗದ ಆಟಗಾರರು, ಗ್ರೀಕ್ ಲ್ಯಾಟಿನ್ ಪಂಡಿತರು, ಭಾಷೆ ಕಲಿತ ವಿದ್ಯಾರ್ಥಿನಿಯರು. 1942ರ ಜನವರಿಯಲ್ಲಿ ಲಂಡನ್ನಿನ ಒಂದು ದಿನಪತ್ರಿಕೆ ತನ್ನ ಪದಬಂಧವನ್ನು 12 ನಿಮಿಷದೊಳಗೆ ಬಿಡಿಸುವ ಸ್ಪರ್ಧೆ ಏರ್ಪಡಿಸಿದಾಗ, ಗೆದ್ದವರಲ್ಲಿ ಕೆಲವರಿಗೆ ಸರಕಾರದಿಂದ ಕರೆ ಬಂತು. ಯುದ್ಧದ ಕೊನೆಯ ವೇಳೆಗೆ ಸುಮಾರು 9,000 ಜನ ಕೆಲಸ ಮಾಡುತ್ತಿದ್ದರು. ನಾಲ್ವರಲ್ಲಿ ಮೂವರು ಹೆಂಗಸರು. ದಿನಕ್ಕೆ ಮೂರು ಪಾಳಿ: ಬೆಳಗ್ಗೆ ಎಂಟರಿಂದ ನಾಲ್ಕು, ನಾಲ್ಕರಿಂದ ನಡುರಾತ್ರಿ, ನಡುರಾತ್ರಿಯಿಂದ ಎಂಟು.

ಪ್ರಧಾನಿ ಚರ್ಚಿಲ್ 1941ರ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಬಂದು ಇವರನ್ನು ನೋಡಿಹೋಗಿದ್ದರು. ಆದರೂ ಗುಮಾಸ್ತರಿಲ್ಲ, ಟೈಪಿಸ್ಟರಿಲ್ಲ ಎಂಬ ಕೊರತೆ ತೀರಲಿಲ್ಲ. ಅಕ್ಟೋಬರ್ 21ರಂದು ಟ್ಯೂರಿಂಗ್, ವೆಲ್ಷ್‌ಮನ್ ಮೊದಲಾಗಿ ನಾಲ್ವರು ಮೇಲಧಿಕಾರಿಗಳನ್ನು ದಾಟಿ ನೇರವಾಗಿ ಪ್ರಧಾನಿಗೆ ಪತ್ರ ಬರೆದರು. ಒಬ್ಬಾತ ಅದನ್ನು ಕೈಯಲ್ಲೇ ಒಯ್ದು ಪ್ರಧಾನಿಯ ಮನೆಯಲ್ಲಿ ಕೊಟ್ಟ. ಇವರಿಗೆ ಬೇಕಾದುದನ್ನೆಲ್ಲ ತಕ್ಷಣ ಕೊಡತಕ್ಕದ್ದೆಂದು ಚರ್ಚಿಲ್ ಅಪ್ಪಣೆ ಮಾಡಿದರು. ಸರಕಾರಿ ಕೆಲಸದಲ್ಲಿ ಇರುವವರಿಗೆ ಈ ಘಟನೆಯ ಸ್ವಾರಸ್ಯ ಹೆಚ್ಚು ತಿಳಿದೀತು.

ಕೆಲಸ ಸದಾ ಸುಗಮವಾಗಿರಲಿಲ್ಲ. ಅಟ್ಲಾಂಟಿಕ್ ಸಮುದ್ರದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಬ್ರಿಟನ್ನಿಗೆ ಆಹಾರ ತರುವ ಹಡಗುಗಳನ್ನು ಮುಳುಗಿಸುತ್ತಿದ್ದವು. 1942ರ ಫೆಬ್ರವರಿಯಲ್ಲಿ ಅವು ನಾಲ್ಕು ಗಾಲಿಗಳ ಹೊಸ ಯಂತ್ರ ಬಳಸಲಾರಂಭಿಸಿದಾಗ ಬ್ಲೆಚ್ಲಿಯ ಕಣ್ಣು ಕಟ್ಟಿದಂತಾಯಿತು. ಹತ್ತು ತಿಂಗಳು ಏನೂ ಓದಲಾಗಲಿಲ್ಲ. ಆ ವರ್ಷ ಅಕ್ಟೋಬರ್ 30ರ ರಾತ್ರಿ ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗುತ್ತಿದ್ದ ಯು-559 ಎಂಬ ಜರ್ಮನ್ ಜಲಾಂತರ್ಗಾಮಿಗೆ ಬ್ರಿಟಿಷ್ ಹಡಗಿನ ಮೂವರು ಹತ್ತಿದರು. ಟೋನಿ ಫಾಸನ್, ಕಾಲಿನ್ ಗ್ರೇಜಿಯರ್ ಎಂಬಿಬ್ಬರು ಒಳಗಿಳಿದು ಸಂಕೇತ ಪುಸ್ತಕಗಳನ್ನು ಮೇಲೆ ಕೊಡುತ್ತಿದ್ದರು. ಕ್ಯಾಂಟೀನಿನ ಹುಡುಗ ಟಾಮಿ ಬ್ರೌನ್ ಏಣಿಯಲ್ಲಿ ನಿಂತು ತೆಗೆದುಕೊಳ್ಳುತ್ತಿದ್ದ. ಜಲಾಂತರ್ಗಾಮಿ ಇದ್ದಕ್ಕಿದ್ದಂತೆ ಮುಳುಗಿತು. ಒಳಗಿದ್ದ ಇಬ್ಬರೂ ಅದರೊಂದಿಗೆ ಹೋದರು, ಹುಡುಗ ಬದುಕಿದ. ಅವನ ಪ್ರಾಯ 16, ನಮ್ಮ ಹತ್ತನೆಯ ತರಗತಿಯ ಮಕ್ಕಳಿಗಿಂತ ಹೆಚ್ಚೇನೂ ದೊಡ್ಡವನಲ್ಲ. ಆ ಪುಸ್ತಕಗಳ ನೆರವಿನಿಂದ ಡಿಸೆಂಬರಿನಲ್ಲಿ ಮತ್ತೆ ಓದಲು ಸಾಧ್ಯವಾಯಿತು. ಜಲಾಂತರ್ಗಾಮಿಗಳು ಎಲ್ಲಿ ಹೊಂಚುಹಾಕಿವೆಯೆಂದು ತಿಳಿದು ಹಡಗುಗಳನ್ನು ಬೇರೆ ದಾರಿಯಲ್ಲಿ ನಡೆಸಿದರು.

ಹಿಟ್ಲರನೂ ಅವನ ಸೇನಾಪತಿಗಳೂ ಮಾತಾಡಿಕೊಳ್ಳುತ್ತಿದ್ದ ಇನ್ನೂ ಕಠಿಣವಾದ ಲಿಪಿಯೊಂದಿತ್ತು. ಅದಕ್ಕಾಗಿ ಅಂಚೆ ಇಲಾಖೆಯ ಇಂಜಿನಿಯರ್ ಟಾಮಿ ಫ್ಲವರ್ಸ್ 1,500ಕ್ಕೂ ಹೆಚ್ಚು ರೇಡಿಯೋ ವಾಲ್ವುಗಳನ್ನು ಜೋಡಿಸಿ ಕೊಲೋಸಸ್ ಎಂಬ ಯಂತ್ರ ನಿರ್ಮಿಸಿದರು. ಇಟ್ಟಿಗೆ ಕೆಲಸದವನ ಮಗ ಈತ. ಯಂತ್ರ 1944ರ ಫೆಬ್ರವರಿಯಲ್ಲಿ ಬ್ಲೆಚ್ಲಿಯಲ್ಲಿ ಕೆಲಸ ಪ್ರಾರಂಭಿಸಿತು. ಇಂದಿನ ಕಂಪ್ಯೂಟರಿನ ಹಿರಿಯಜ್ಜನೆಂದು ಅದನ್ನು ಧಾರಾಳವಾಗಿ ಕರೆಯಬಹುದು. ಆ ವರ್ಷ ಜೂನ್ 6ರಂದು ಮಿತ್ರಸೇನೆ ಫ್ರಾನ್ಸಿನ ಕರಾವಳಿಯಲ್ಲಿಳಿದಾಗ, ದಾಳಿ ಬೇರೆ ಕಡೆ ನಡೆಯಲಿದೆ ಎಂಬ ಸುಳ್ಳು ಸುದ್ದಿಯನ್ನು ಜರ್ಮನರು ನಂಬಿದ್ದಾರೆಂಬುದು ಇಲ್ಲಿ ಓದಿದ ಸಂದೇಶಗಳಿಂದ ಮೊದಲೇ ತಿಳಿದಿತ್ತು.

ಬೆಂಗಳೂರಿಗೆ ಬಂದ ಬಳ್ಳಿ

ಬ್ಲೆಚ್ಲಿಯ ಬಳ್ಳಿ ನಮ್ಮ ನೆಲಕ್ಕೂ ಹಬ್ಬಿತ್ತು. ಜಪಾನ್ ಬರ್ಮಾವನ್ನು ಹಿಡಿದಾಗ ಬರ್ಮಾದ ಅಕ್ಕಿ ನಿಂತು ಈ ಕರಾವಳಿಯ ಮನೆಮನೆಯಲ್ಲಿ ಗಂಜಿಗೆ ಕಷ್ಟವಾದುದನ್ನು ಹಿರಿಯರಿಂದ ನಾವು ಕೇಳಿದ್ದೇವೆ. ಜಪಾನೀಯರ ಸಂದೇಶಗಳನ್ನು ಕೇಳುವುದಕ್ಕೆ ದೆಹಲಿಯ ಆನಂದ ಪರ್ಬತ್ ಗುಡ್ಡದ ಮೇಲೆ ನಿಸ್ತಂತು ಪ್ರಯೋಗ ಕೇಂದ್ರ ಎಂಬ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿದ್ದ ರಾಮಜಸ್ ಕಾಲೇಜಿನ ಕಟ್ಟಡಗಳನ್ನು ಅದಕ್ಕಾಗಿ ತೆಗೆದುಕೊಂಡರು. ಅದಕ್ಕೆ ಎರಡು ಉಪಕೇಂದ್ರಗಳು: ಪೂರ್ವದ್ದು ಕಲ್ಕತ್ತೆಯ ಹತ್ತಿರ ಬ್ಯಾರಕ್‌ಪುರದಲ್ಲಿ, ಪಶ್ಚಿಮದ್ದು ಬೆಂಗಳೂರಿನಲ್ಲಿ. 1943ರಲ್ಲಿ ಜಪಾನಿ ಭೂಸೇನೆಯ ಜಲಸಾರಿಗೆ ಸಂಕೇತವನ್ನು ದೆಹಲಿಯ ಈ ಗುಡ್ಡದ ಮೇಲೆ ಭೇದಿಸಿದರು.

ಕೊಲಂಬೋದಲ್ಲಿ ನೌಕಾಪಡೆಯ ಇಂಥದೇ ಕೇಂದ್ರವಿತ್ತು. ಅದು ಕುಳಿತದ್ದು ಭಾರತೀಯ ಹುಡುಗರ ಶಾಲೆಯೊಂದರಲ್ಲಿ. 1942ರ ಏಪ್ರಿಲ್ 5ರಂದು ಜಪಾನ್ ಕೊಲಂಬೋದ ಮೇಲೆ ಬಾಂಬು ಹಾಕಿದ ಮೇಲೆ ಆ ಕೇಂದ್ರ ಆಫ್ರಿಕದ ಮೊಂಬಾಸಾಕ್ಕೆ ಹೋಯಿತು. ಅಲ್ಲಿಯೂ ಅವರಿಗೆ ಸಿಕ್ಕಿದ್ದು ಭಾರತೀಯ ಮಕ್ಕಳ ಶಾಲೆ. ಶಾಲೆಮಾಸ್ತರನಾದ ನನಗೆ ಈ ವಿಷಯ ಬಹಳ ಕಾಡಿದೆ. ಇಂಗ್ಲೆಂಡಿನಲ್ಲಿ ಯುದ್ಧಕ್ಕೆ ಬಿಟ್ಟುಕೊಟ್ಟದ್ದು ಯಜಮಾನರಿಲ್ಲದ ಒಂದು ಬಂಗಲೆಯನ್ನು. ಇತ್ತ ನಮ್ಮವರು ಬಿಟ್ಟುಕೊಟ್ಟದ್ದು ಮಕ್ಕಳು ಓದುತ್ತಿದ್ದ ಜಾಗವನ್ನು. ಯುದ್ಧದ ಚರಿತ್ರೆಯಲ್ಲಿ ಆ ಮಕ್ಕಳ ಮಾತು ಎಲ್ಲಿಯೂ ಬರುವುದಿಲ್ಲ.

ನಮ್ಮ ಪಟ್ಟಾಳದಜ್ಜ ಬೆಂಗಳೂರಿನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿ ಕುಳಿತದ್ದು ಆ ಉಪಕೇಂದ್ರದಲ್ಲೆಯೋ, ಇಲ್ಲ ಬೇರೆ ಯಾವುದಾದರೂ ದಂಡಿನ ಕಚೇರಿಯಲ್ಲೋ? ಬೆಂಗಳೂರು ಯುದ್ಧಕಾಲದಲ್ಲಿ ದಂಡಿನಿಂದ ತುಂಬಿದ್ದ ಊರು. ಅಜ್ಜನನ್ನು ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು. ಆದರೆ ಒಂದು ಮಾತು ನಿಜ. ಟ್ಯೂರಿಂಗನಂಥ ಮೇಧಾವಿಗಳು ಎಷ್ಟೇ ಇರಲಿ, ಗಾಳಿಯಲ್ಲಿ ಹೋಗುವ ಟಕ್ ಟಕ್ ಸದ್ದನ್ನು ಒಂದಕ್ಷರವೂ ತಪ್ಪದೆ ಬರೆದುಕೊಡುವವರು ಇಲ್ಲದಿದ್ದರೆ ಅವರ ಮುಂದೆ ಬಿಡಿಸುವುದಕ್ಕೆ ಒಗಟೇ ಇರುತ್ತಿರಲಿಲ್ಲ. ಬರೆಯುವವರಿಗೆ ತಾವು ಬರೆದದ್ದರ ಅರ್ಥ ತಿಳಿಯುತ್ತಿರಲಿಲ್ಲ. ಗುಡುಗಿನ ಗದ್ದಲದ ನಡುವೆ ಆ ಸದ್ದನ್ನು ಹಿಡಿದು, ಅರ್ಥವಿಲ್ಲದ ಅಂಕೆ ಅಕ್ಷರಗಳನ್ನು ಪುಟಗಟ್ಟಲೆ ಬರೆದು ಕೊಟ್ಟು ಎದ್ದು ಹೋಗುವುದು ಅವರ ಪಾಲಿನ ಯುದ್ಧವಾಗಿತ್ತು.

ಮೌನದ ಮೂವತ್ತು ವರ್ಷ

1945ರಲ್ಲಿ ಯುದ್ಧ ಮುಗಿಯಿತು. ಬ್ಲೆಚ್ಲಿಯವರಿಗೆ ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿರೆಂದು ಅಪ್ಪಣೆಯಾಯಿತು. ಹತ್ತು ಕೊಲೋಸಸ್ ಯಂತ್ರಗಳಲ್ಲಿ ಎರಡನ್ನುಳಿದು ಮಿಕ್ಕವನ್ನು ಬಿಚ್ಚಿಹಾಕಿದರು. ಫ್ಲವರ್ಸ್ ತನ್ನ ನಕ್ಷೆಗಳನ್ನು ತಾನೇ ಒಲೆಗೆ ಹಾಕಿ ಸುಟ್ಟರು. ಹೀಗೆ ಗಂಡ ಹೆಂಡತಿಗೂ ಹೆಂಡತಿ ಗಂಡನಿಗೂ ಹೇಳದೆ ಹತ್ತಾರು ವರ್ಷ ಕಳೆದರು. ಮಕ್ಕಳು ಯುದ್ಧದಲ್ಲಿ ಏನು ಮಾಡಿದರೆಂದು ತಿಳಿಯದೆಯೇ ಎಷ್ಟೋ ತಂದೆತಾಯಂದಿರು ಕಣ್ಣುಮುಚ್ಚಿದರು. ಸಮವಸ್ತ್ರ ತೊಡದ ತರುಣರನ್ನು ಯುದ್ಧಕ್ಕೆ ಹೆದರಿದವರೆಂದು ಜನ ಆಡಿಕೊಂಡರೂ ಅವರು ಉತ್ತರ ಹೇಳುವಂತಿರಲಿಲ್ಲ.

ಟ್ಯೂರಿಂಗನ ಗತಿ ಇನ್ನೂ ಕರುಣಾಜನಕ. ಸಲಿಂಗ ಸಂಬಂಧ ಅಂದು ಆ ದೇಶದಲ್ಲಿ ಅಪರಾಧವಾಗಿತ್ತು. 1952ರಲ್ಲಿ ಅವನನ್ನು ನ್ಯಾಯಾಲಯಕ್ಕೆ ಎಳೆದು ಶಿಕ್ಷೆ ವಿಧಿಸಿದರು. ತಾನು ದೇಶಕ್ಕೆ ಏನು ಮಾಡಿದ್ದೇನೆಂದು ಅಲ್ಲಿ ಬಾಯಿಬಿಡುವಂತಿರಲಿಲ್ಲ. 1954ರಲ್ಲಿ, 41ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. 2009ರಲ್ಲಿ ಬ್ರಿಟಿಷ್ ಪ್ರಧಾನಿ ಕ್ಷಮೆ ಕೇಳಿದರು. 2013ರಲ್ಲಿ ರಾಣಿಯ ಕ್ಷಮಾದಾನ ದೊರೆಯಿತು. 2021ರಲ್ಲಿ 50 ಪೌಂಡಿನ ನೋಟಿನಲ್ಲಿ ಅವನ ಚಿತ್ರ ಬಂತು. ಸತ್ತವನಿಗೆ ಸಂದ ಮರ್ಯಾದೆ.

ಗುಟ್ಟು ಹೊರಬಿದ್ದದ್ದು 1974ರಲ್ಲಿ, ಎಫ್. ಡಬ್ಲ್ಯೂ. ವಿಂಟರ್‌ಬಾಥಂ ಎಂಬ ನಿವೃತ್ತ ಅಧಿಕಾರಿ ಬರೆದ ಪುಸ್ತಕದಿಂದ. ಅಷ್ಟರಲ್ಲಿ ಬಂಗಲೆ ಹಲವು ಕೈಗಳನ್ನು ಕಂಡಿತ್ತು. ಅಂಚೆ ಇಲಾಖೆಯ ಕಚೇರಿ ಅಲ್ಲಿತ್ತು. ಅಧ್ಯಾಪಕಿಯರ ತರಬೇತಿ ಶಾಲೆಯೂ ಇತ್ತು. ಗೂಢಲಿಪಿ ಬಿಡಿಸಿದ ಆವರಣದಲ್ಲಿ ಯಾರೋ ಪಾಠಸೂತ್ರ ಬರೆದಿದ್ದರೆಂಬುದು ಟಿ.ಸಿ.ಎಚ್. ಮಾಡಿದ ನನ್ನಂಥವನಿಗೆ ಸಂತೋಷದ ವಿಷಯ.

1991ರ ಹೊತ್ತಿಗೆ ಜಾಗ ಬಹುಪಾಲು ಖಾಲಿಬಿದ್ದಿತ್ತು. ಕಟ್ಟಡಗಳನ್ನು ಕೆಡವಿ ಮನೆಗಳನ್ನೂ ಅಂಗಡಿಗಳನ್ನೂ ಕಟ್ಟುವ ಮಾತು ಮತ್ತೆ ಎದ್ದಿತು. ಆಗ ಅಲ್ಲಿನ ಸ್ಥಳೀಯ ಇತಿಹಾಸ ಸಂಘದವರು, ಹೋಗುವುದು ಹೇಗೂ ಹೋಗುತ್ತದೆ, ಹಳಬರನ್ನು ಒಮ್ಮೆ ಸೇರಿಸಿ ಬೀಳ್ಕೊಡುಗೆ ಮಾಡೋಣವೆಂದು ನಿಶ್ಚಯಿಸಿದರು. ಅಕ್ಟೋಬರಿನ ಆ ಕೂಟಕ್ಕೆ ಸುಮಾರು 400 ಜನ ಬಂದರು. ಬಂದವರೆಲ್ಲ ಅಜ್ಜಅಜ್ಜಿಯರು. ಒಬ್ಬೊಬ್ಬರೂ ತಮ್ಮ ಗುಡಿಸಲಿನ ಕಥೆ ಹೇಳಿದರು. ಅದುವರೆಗೆ ಅಕ್ಕಪಕ್ಕದಲ್ಲೇ ಕೆಲಸ ಮಾಡಿದ್ದವರಿಗೂ ಪರಸ್ಪರರ ಕೆಲಸ ತಿಳಿದಿರಲಿಲ್ಲ. ಕೇಳಿದವರಿಗೆ ಇದನ್ನು ಕೆಡವಗೊಡಬಾರದೆಂದು ಅನಿಸಿತು. 1992ರ ಫೆಬ್ರವರಿಯಲ್ಲಿ ನಗರಸಭೆ ಅದನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು. ಅದೇ ತಿಂಗಳು ಒಂದು ಟ್ರಸ್ಟ್ ಸ್ಥಾಪನೆಯಾಯಿತು. ಮರುವರ್ಷದಿಂದ ಜನರಿಗೆ ನೋಡಲು ಬಾಗಿಲು ತೆರೆಯಿತು. ಟೋನಿ ಸೇಲ್ ಎಂಬ ಇಂಜಿನಿಯರ್ ಕೆಲವು ಫೋಟೋಗಳನ್ನೂ ಹಳಬರ ನೆನಪನ್ನೂ ನಂಬಿ ಕೊಲೋಸಸ್ ಯಂತ್ರವನ್ನು ಪುನಃ ಕಟ್ಟಿದರು. ಬೀಳ್ಕೊಡುವುದಕ್ಕಾಗಿ ಕರೆದ ಕೂಟದಿಂದ ಬಂಗಲೆ ಉಳಿಯಿತು.

ನಮ್ಮ ಜಗಲಿಗಳ ಕಡೆಗೆ

ಬಂಗಲೆಯನ್ನು ಉಳಿಸಿದ್ದು ಅದರ ಗುಮ್ಮಟವೂ ಅಲ್ಲ, ಅಂದವೂ ಅಲ್ಲ. ಬಾಯಿ ಬಿಡದಿದ್ದವರನ್ನು ಯಾರೋ ಕರೆದು ಕುಳ್ಳಿರಿಸಿ ಕೇಳಿದರು, ಅವರು ಹೇಳಿದರು, ಅಷ್ಟೇ. ಹೇಳದಿರುವುದು ಒಂದು ಕಾಲದ ಕರ್ತವ್ಯವಾಗಿತ್ತು. ಆ ಕಾಲ ಕಳೆದ ಮೇಲೆ ಕೇಳುವುದು ಕಿರಿಯರ ಕರ್ತವ್ಯ. ಬ್ಲೆಚ್ಲಿಯಲ್ಲಿ ಅದು ಕೊನೆಯ ಗಳಿಗೆಯಲ್ಲಿ ನಡೆಯಿತು. ನಮ್ಮಲ್ಲಿ ಬಹುಮಟ್ಟಿಗೆ ನಡೆಯಲೇ ಇಲ್ಲ.

ನಾನು ಟಿ.ಸಿ.ಎಚ್. ಕಲಿಯಲು ಮಂಗಳೂರಿಗೆ ಹೋಗಿದ್ದ ವರ್ಷ ಪಟ್ಟಾಳದಜ್ಜ ತೀರಿಕೊಂಡರು. ವೀಳ್ಯದ ಪೆಟ್ಟಿಗೆಯ ತಳದಲ್ಲಿ ಒಂದು ಪದಕವೂ ಇಂಗ್ಲಿಷಿನಲ್ಲಿ ಬರೆದ ಒಂದು ಹಳೆಯ ಕಾಗದವೂ ಇತ್ತಂತೆ. ಪದಕ ಮೊಮ್ಮಕ್ಕಳ ಆಟಕ್ಕೆ ಹೋಯಿತು. ಗೆದ್ದಲು ಹಿಡಿದಿದ್ದ ಕಾಗದವನ್ನು ಬಚ್ಚಲ ಒಲೆಗೆ ಹಾಕಿದರಂತೆ. ಫ್ಲವರ್ಸ್ ತನ್ನ ನಕ್ಷೆಗಳನ್ನು ಸುಟ್ಟದ್ದು ಮೇಲಿನವರ ಅಪ್ಪಣೆಯಿಂದ. ನಮ್ಮ ಮನೆಗಳಲ್ಲಿ ಅಪ್ಪಣೆ ಯಾರದೂ ಇರಲಿಲ್ಲ.

ಆ ಯುದ್ಧದಲ್ಲಿ ದುಡಿದವರು ಈಗ ಇಲ್ಲವೆಂದೇ ಹೇಳಬೇಕು. ಆದರೆ ಆ ಕಾಲದ ಅಕ್ಕಿಯ ಬರವನ್ನು ಮಕ್ಕಳಾಗಿ ಕಂಡವರು, 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರಿದ ದಿನ ಶಾಲೆಯಲ್ಲಿ ಕುಳಿತಿದ್ದವರು, ಇನ್ನೂ ಕೆಲವು ಜಗಲಿಗಳಲ್ಲಿದ್ದಾರೆ. ಈ ವರ್ಷ ನನ್ನ ತರಗತಿಯ ಮಕ್ಕಳಿಗೆ ರಜೆಯಲ್ಲಿ ಒಂದು ಕೆಲಸ ಕೊಟ್ಟಿದ್ದೇನೆ. ಮನೆಯ ಅಥವಾ ನೆರೆಮನೆಯ ಅತಿ ಹಿರಿಯರನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಅವರು ಆಡಿದ ಭಾಷೆಯಲ್ಲೇ, ಅದು ತುಳುವೋ ಹವ್ಯಕವೋ ಮರಾಠಿಯೋ ಮಲಯಾಳವೋ ಏನಿದ್ದರೂ ಹಾಗೆಯೇ, ಕನ್ನಡ ಅಕ್ಷರದಲ್ಲಿ ಬರೆದು ತರಬೇಕು. ಅರ್ಥವಾಗದ ಮಾತು ಬಂದರೆ ಬಿಡಬಾರದು, ಕೇಳಿದಂತೆ ಬರೆಯಬೇಕು. ಅರ್ಥ ಹುಡುಕುವುದನ್ನು ಆಮೇಲೆ ಎಲ್ಲರೂ ಸೇರಿ ಮಾಡೋಣವೆಂದು ಹೇಳಿದ್ದೇನೆ.

ಈಗಾಗಲೇ ಹನ್ನೊಂದು ನೋಟ್‌ಬುಕ್ ಬಂದಿವೆ. ಒಂದರಲ್ಲಿ ಹುಡುಗಿಯೊಬ್ಬಳು ಮೊದಲ ಸಾಲಿನಲ್ಲೇ ಬರೆದಿದ್ದಾಳೆ: ಅಜ್ಜಿ ಮೊದಲು ಏನೂ ಇಲ್ಲ ಎಂದರು, ನಾನು ಎದ್ದು ಹೋಗಲಿಲ್ಲ.